ಎಂಗಾನೊ ಭಾಷೆ ನಿಜಕ್ಕೂ ಆಸ್ಟ್ರೋನೇಷಿಯನ್ ಕುಟುಂಬದ್ದೇನಾ?

ಕಡಲಹಾದಿ:
ಸುಮಾತ್ರಾದ ನೈಋತ್ಯಕ್ಕೆ, ಬೆಂಗ್‌ಕುಲು ಕಡೆಯ ಸಮುದ್ರದಲ್ಲಿ ಎಂಗಾನೊ ಅಂತ ಒಂದು ಸಣ್ಣ ದ್ವೀಪ ಇದೆ. ಅಲ್ಲಿನ ಭಾಷೆ ಆಡುವವರು ಹೆಚ್ಚೆಂದರೆ ಒಂದೆರಡು ಸಾವಿರ ಜನ. ಒಂದು ವಾರದಿಂದ ಇದರ ಬಗ್ಗೆಯೇ ಓದುತ್ತಿದ್ದೇನೆ, ಗೊಂದಲ ಮಾತ್ರ ಜಾಸ್ತಿಯಾಗುತ್ತಿದೆ. ಕೆಲವರು ಇದು ಮಲಯ, ಜಾವಾ, ಹವಾಯಿ ಭಾಷೆಗಳ ನೆಂಟ, ಅಂದರೆ ಅವೆಲ್ಲ ಇರುವ ಆಸ್ಟ್ರೋನೇಷಿಯನ್ ಕುಟುಂಬದ್ದು ಅನ್ನುತ್ತಾರೆ. ಆದರೆ 1982ರಲ್ಲಿ ಭಾಷಾವಿಜ್ಞಾನಿ ಆರ್ಥರ್ ಕ್ಯಾಪೆಲ್ ಇದರ ಮೂಲವೇ ಬೇರೆ, ಹೋಲುವ ಪದಗಳೆಲ್ಲ ಎರವಲು ಅಂದಿದ್ದರು. ಯಾವುದು ಸರಿ? ನಮ್ಮ ನಿಕೋಬಾರಿ ಭಾಷೆಗಳಿಗೂ ಇದಕ್ಕೂ ಸಂಬಂಧ ಇದೆಯಾ?

ಪದಕೋಶ:
ಕ್ಯಾಪೆಲ್‌ಗೆ ಅನುಮಾನ ಬಂದದ್ದು ಸುಮ್ನೆ ಅಲ್ಲ. ಸುಮಾರು ಇನ್ನೂರು ಮೂಲಪದಗಳ ಪಟ್ಟಿ ಇಟ್ಟುಕೊಂಡರೆ ಕುಟುಂಬದ ತಾಯಿಭಾಷೆಯಿಂದ ಬಂದ ಹಳೆಯ ಪದಗಳು ಮಲಯದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿವೆ, ಎಂಗಾನೊದಲ್ಲಿ ಬರೀ ಐದನೇ ಒಂದು ಭಾಗ. ಆದರೆ ಎಷ್ಟು ಪದ ಹೋಲುತ್ತವೆ ಅನ್ನುವುದಕ್ಕಿಂತ ಹೇಗೆ ಹೋಲುತ್ತವೆ ಅನ್ನುವುದು ಮುಖ್ಯ. ತಮಿಳಿನ ಪಾಲ್ ನಮ್ಮಲ್ಲಿ ಹಾಲು, ಪುಲಿ ನಮ್ಮಲ್ಲಿ ಹುಲಿ, ಪಕಾರ ಹಕಾರವಾಗಿದೆ, ಒಂದೆರಡು ಪದದಲ್ಲಲ್ಲ, ಸಾಲುಸಾಲಾಗಿ. ಎಂಗಾನೊದಲ್ಲಿ ಹಾಗೆಯೇ ತಕಾರ ಕಕಾರವಾಗಿದೆ. ಜಾವಾದಲ್ಲಿ ಮೂರಕ್ಕೆ ತೆಲು, ಎಂಗಾನೊದಲ್ಲಿ ಅಕೊಲು. ಹವಾಯಿಯಲ್ಲೂ ಮೂರು ಅಂದರೆ ಕೊಲು, ಆದರೆ ಅಲ್ಲಿ ಈ ಬದಲಾವಣೆ ತಾನಾಗಿಯೇ ಬೇರೆಯಾಗಿ ಆದದ್ದು. ಇಂಥ ನಿಯಮಗಳನ್ನೆಲ್ಲ ಬಿಡಿಸಿ, ಇದು ಆಸ್ಟ್ರೋನೇಷಿಯನ್ನೇ ಅಂತ 2015ರಲ್ಲಿ ಭಾಷಾವಿಜ್ಞಾನಿ ಓವನ್ ಎಡ್ವರ್ಡ್ಸ್ ತೋರಿಸಿದರು. ನನಗೆ ಅವರ ವಾದ ಗಟ್ಟಿ ಅನ್ನಿಸುತ್ತದೆ.

ತುಳುವಪ್ಪೆ:
ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸರ್ವನಾಮ. ಮಲಯದಲ್ಲಿ 'ಕಿತಾ' ಅಂದರೆ ನೀವೂ ಸೇರಿದ ನಾವು. ಎಂಗಾನೊದಲ್ಲಿ ಅದೇ 'ಇಕಾ', ಶುರುವಿನಲ್ಲಿ ಗಂಟಲು ಒಂದು ಕ್ಷಣ ಕಟ್ಟಿ ಬಿಡುವ ಸದ್ದು ಇದೆ. ಕಕಾರ ಗಂಟಲಿಗೆ ಇಳಿದಿದೆ, ತಕಾರ ಆ ಕಕಾರದ ಜಾಗಕ್ಕೆ ಬಂದಿದೆ, ಎರಡೂ ಒಂದೇ ಪುಟ್ಟ ಪದದಲ್ಲಿ! ನಮ್ಮ ತುಳುವಿನಲ್ಲೂ 'ನಮ' ಅಂದರೆ ನೀವೂ ಸೇರಿ, 'ಎಂಕುಲು' ಅಂದರೆ ನಿಮ್ಮನ್ನು ಬಿಟ್ಟು, ಹಾಗಾಗಿ ಈ ಭೇದ ನನಗೆ ಮನೆಮಾತಿನದು. ಇಂಥ ಪದವನ್ನು ಯಾರೂ ಅಷ್ಟು ಸುಲಭವಾಗಿ ಎರವಲು ತರುವುದಿಲ್ಲ, ಅಲ್ವಾ?

ಹಳೆಬೇರು:
ನಿಕೋಬಾರಿ ಬೇರೆ ಮನೆ. ಅದು ಖಾಸಿ, ಮುಂಡಾರಿ ಇರುವ ಆಸ್ಟ್ರೋಏಷಿಯಾಟಿಕ್ ಕುಟುಂಬದ್ದು, ಹೆಸರು ಹತ್ತಿರ ಇರುವುದರಿಂದ ಜನ ಕಲಸಿಬಿಡುತ್ತಾರೆ. ಪದ ಕಡಿಮೆ ಉಳಿದರೂ ನೆಂಟಸ್ತನ ಉಳಿಯುವುದಕ್ಕೆ ಬಲೂಚಿಸ್ತಾನದ ಬ್ರಾಹುಯಿ ಭಾಷೆ ನೋಡಿ. ತುಂಬಾ ಪದಗಳು ಹೊರಗಿನವು, ಆದರೂ ಎರಡಕ್ಕೆ ಇರಟ್, ಮೂರಕ್ಕೆ ಮುಸಿಟ್, ದ್ರಾವಿಡವೇ. ಎಂಗಾನೊ ಕುಟುಂಬದೊಳಗೆ ಎಲ್ಲಿ ಕೂರುತ್ತದೆ ಅನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಕೆಲವರು ಸುಮಾತ್ರಾದ ಪಶ್ಚಿಮದ ದ್ವೀಪಗಳ ನಿಯಾಸ್, ಮೆಂತಾವಾಯ್ ಭಾಷೆಗಳ ಜೊತೆ ಸೇರಿಸುತ್ತಾರೆ, ಕೆಲವರು ಅದು ತಾನೇ ಬೇರೊಂದು ಕೊಂಬೆ ಅನ್ನುತ್ತಾರೆ.

ಕಡಲಹಾದಿ:
ತುಂಬಾ ಥ್ಯಾಂಕ್ಸ್. ಕೇಳಿ ಓದಿ ಕಲಿಯಲು ಏನಾದರೂ ಇದೆಯಾ?

ಪದಕೋಶ:
ಇದೆ. ಜರ್ಮನ್ ಭಾಷಾತಜ್ಞ ಹನ್ಸ್ ಕೇಲರ್ 1937–38ರಲ್ಲಿ ಅಲ್ಲೇ ಇದ್ದು ಕಥೆ, ಪದ ಎಲ್ಲ ಬರೆದುಕೊಂಡರು, ಅವರ ನಿಘಂಟು 1987ರಲ್ಲಿ ಬಂತು. ಈಚೆಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಈಗಿನ ಮಾತನ್ನು ದಾಖಲಿಸಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಕೇಲರ್ ಕೇಳಿಸಿಕೊಂಡ ಪದಗಳ ಕೊನೆಯ ಸ್ವರ ಈಗ ಬಿದ್ದುಹೋಗಿದೆ. ನಾವು ಕಲ್ ಅನ್ನುವುದಕ್ಕೆ ಉಕಾರ ಸೇರಿಸಿ ಕಲ್ಲು ಮಾಡಿಕೊಂಡೆವು, ಅವರು ಕೊನೆಯ ಸ್ವರವನ್ನೇ ಬಿಟ್ಟರು.