ಕಂಟೈನರ್ ಮನೆ ಸೋರುತ್ತೆ, ಕಂಟ್ರಾಕ್ಟರ್ ‘ಅದು ಬೆವರು’ ಅಂತಾರೆ

ಪ್ರಶ್ನೆ (ಸಕಲೇಶಪುರ): 20 ಅಡಿಯ ಎರಡು ಕಂಟೈನರ್ (ಸರಕು ಸಾಗಿಸೋ ಕಬ್ಬಿಣದ ಪೆಟ್ಟಿಗೆ) ಜೋಡಿಸಿದ ಮನೆ. ಒಳಗೆ ಗ್ಲಾಸ್ ವೂಲ್ (ಶಾಖ ತಡೆಯೋ ಗಾಜಿನ ನಾರು), ಕೆಳಗೆ ಜಿಪ್ಸಂ ಸೀಲಿಂಗ್. ಮಳೆ ಬಂದರೆ ಜೋಡಣೆಯ ಗೆರೆಯಲ್ಲೂ ಕಿಟಕಿ ಮೂಲೆಯಲ್ಲೂ ನೀರು. ಮಳೆ ಹೊಳವಾಗಿ ವಾರವಾದರೂ ಬೆಳಗಿನ ಜಾವ ಮಲಗೋ ಕೋಣೆ ಸೀಲಿಂಗ್ ಒದ್ದೆ. ಕಂಟ್ರಾಕ್ಟರ್ “ಕಬ್ಬಿಣ ಬೆವರುತ್ತೆ, ನಮ್ಮ ತಪ್ಪಲ್ಲ” ಅಂತಾರೆ. ಕೊನೇ ಕಂತು ಬಾಕಿ ಇದೆ.

ಉತ್ತರ: ನಿಮ್ಮದು ಎರಡು ಬೇರೆ ಕಾಯಿಲೆ ಸರ್. ಮಳೆಗೆ ಬರೋದು ಸೋರಿಕೆ, ಮಳೆಯಿಲ್ಲದೆ ಬರೋದು ಬೆವರು. ಒಂದರ ಮದ್ದು ಇನ್ನೊಂದಕ್ಕೆ ಆಗಲ್ಲ.

ಸೋರಿಕೆಗೆ ಪೈಪಲ್ಲಿ ನೀರು ಬಿಟ್ಟು ನೋಡಿ. ಕಿಟಕಿಯ ಕೆಳ ಅಂಚಿಗೆ 10 ನಿಮಿಷ, ಆಮೇಲೆ ಪಕ್ಕ, ಆಮೇಲೆ ಮೇಲಂಚು, ಕೊನೆಗೆ ಚಾವಣಿ. ಒಳಗೊಬ್ಬರು ಟಾರ್ಚ್ ಹಿಡಿದಿರಲಿ. ಮೇಲಿಂದ ಶುರು ಮಾಡಿದರೆ ನೀರು ಎಲ್ಲಾ ಕಡೆ ಇಳಿದು ಜಾಗ ಸಿಗಲ್ಲ. ಜೋಡಣೆಗೆ ಬರೀ ಸಿಲಿಕೋನ್ ತುಂಬಿದ್ದರೆ ನಿಲ್ಲಲ್ಲ, ಬಿಸಿಲಿಗೆ ಎರಡೂ ಪೆಟ್ಟಿಗೆ ಹಿಗ್ಗಿ ಕುಗ್ಗುತ್ತವೆ. ವಿನೆಗರ್ ವಾಸನೆ ಬರೋ ಸಿಲಿಕೋನಂತೂ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತೆ. ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕಿ, ಮೇಲೆ ಎರಡೂ ಕಡೆ 6 ಇಂಚು ಚಾಚುವ ಮಡಚಿದ ಜಿಐ (ಸತು ಲೇಪಿಸಿದ ಕಬ್ಬಿಣ) ತಗಡು ಮುಚ್ಚಿ. ಕಿಟಕಿ ಮೇಲೂ ನೀರು ಆಚೆ ಬೀಳೋ ಹಾಗೆ ತಗಡಿನ ಪಟ್ಟಿ ಬೇಕು.

ಬೆವರಿಗೆ ಕಾರಣ, ಉಸಿರು, ಅಡುಗೆಯ ಹಬೆ ಗ್ಲಾಸ್ ವೂಲ್ ದಾಟಿ ತಣ್ಣನೆ ತಗಡು ಮುಟ್ಟೋದು. ನೆಂದ ವೂಲ್ ತೆಗೆದು ಎಸೆಯಿರಿ. ತುಕ್ಕು ಉಜ್ಜಿ, ಪ್ರೈಮರ್ ಹೊಡೆದು, ತಗಡಿಗೇ ಅಂಟುವಂತೆ 50 ಮಿ.ಮೀ. ಪಿಯು ಫೋಮ್ ಸ್ಪ್ರೇ ಮಾಡಿಸಿ. ನಡುವೆ ಗಾಳಿ ಉಳಿದರೆ ಮತ್ತೆ ಅದೇ ಕಥೆ. ವೆಲ್ಡಿಂಗ್ ಎಲ್ಲ ಅದಕ್ಕಿಂತ ಮುಂಚೆ ಮುಗಿದಿರಲಿ, ಫೋಮಿಗೆ ಬೆಂಕಿ ಹತ್ತುತ್ತೆ. ಅಡುಗೆಮನೆ, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಹೊರಗೇ ಊದಬೇಕು. ನಮ್ಮ ಮಲೆನಾಡಿನ ಮಳೆಗೆ ಮೇಲೊಂದು ಇಳಿಜಾರು ಶೀಟಿನ ಮಾಡು, 2 ಅಡಿ ಸೂರು, ಇದ್ದರೇ ನೆಮ್ಮದಿ.

ಇನ್ನೊಂದು ಉತ್ತರ: ಮೇಲಿನವರು ಹೇಳಿದ್ದು ಸರಿ, ಆದರೆ ರಿಪೇರಿಗೆ ಈಗಲೇ ಕೈ ಹಾಕಬೇಡಿ, ಸಾಕ್ಷಿ ಹೋಗುತ್ತೆ. ಮೊದಲು ಸಿವಿಲ್ ಎಂಜಿನಿಯರ್ ಒಬ್ಬರಿಂದ ಪೈಪ್ ಪರೀಕ್ಷೆ ಸಮೇತ, ತಾರೀಖು ಇರೋ ಫೋಟೋ ಸಮೇತ ವರದಿ ಮಾಡಿಸಿ. “ಬೆವರು” ಅನ್ನೋದು ಅವರನ್ನ ಕಾಪಾಡಲ್ಲ. ಎಸ್ಟಿಮೇಟಲ್ಲಿ ಇನ್ಸುಲೇಷನ್ ಅಂತ ದುಡ್ಡು ತಗೊಂಡಿದ್ದರೆ ಅದನ್ನ ತಪ್ಪಾಗಿ ಹಾಕಿದ್ದೂ ಸೇವಾ ನ್ಯೂನತೆಯೇ. 15 ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟಲ್ಲಿ ಪತ್ರ ಹಾಕಿ. ಕಂತು ಯಾಕೆ ತಡೆದಿದ್ದೀರಿ, ಏನು ಸರಿಯಾದ ಮೇಲೆ ಕೊಡ್ತೀರಿ ಅನ್ನೋದೂ ಅದರಲ್ಲೇ ಇರಲಿ.

ಬಗ್ಗದಿದ್ದರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರೋ ಕಡೆಯೇ ದೂರು ಕೊಡಬಹುದು, ಕಂಟ್ರಾಕ್ಟರ್ ಬೆಂಗಳೂರಿನವರಾದರೂ ಸರಿ. ದೂರು ಕೊಡೋಕೆ ಅವಧಿ 2 ವರ್ಷ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, 50 ಲಕ್ಷದವರೆಗೂ ಜಿಲ್ಲಾ ಆಯೋಗವೇ ನೋಡುತ್ತೆ.

ಪ್ರಶ್ನೆ ಕೇಳಿದವರು: ಮುಂದೆ ಒಂದು ಕೋಣೆ ಹೋಂಸ್ಟೇಗೆ ಕೊಡೋ ಯೋಚನೆ ಇತ್ತು. ಪತ್ರದಲ್ಲಿ ಬರೀಬೇಕಾ?

ಎರಡನೇ ಉತ್ತರ ಕೊಟ್ಟವರು: ಹಳೇ ಮೆಸೇಜಲ್ಲಿ ಹೋಂಸ್ಟೇ ಮಾತು ಬಂದಿದ್ದರೆ “ವಾಣಿಜ್ಯ ಉದ್ದೇಶ, ಇವರು ಗ್ರಾಹಕರೇ ಅಲ್ಲ” ಅಂತ ಕಂಟ್ರಾಕ್ಟರ್ ಕಡೆ ವಕೀಲರು ಮೊದಲು ಹಿಡಿಯೋದು ಅದನ್ನೇ. ವಾಸಕ್ಕೆ ಕಟ್ಟಿಸಿದ್ದು, ಅಥವಾ ಜೀವನೋಪಾಯಕ್ಕೆ ನೀವೇ ನಡೆಸೋದು ಅಂತ ತೋರಿಸಬೇಕಾಗುತ್ತೆ. ಮುಚ್ಚಿಡಬೇಡಿ. ಒಪ್ಪಂದ, ಮೆಸೇಜ್ ಎಲ್ಲ ನಿಮ್ಮ ವಕೀಲರಿಗೆ ತೋರಿಸಿಯೇ ಪತ್ರ ಕಳಿಸಿ.