ವಿಷಯ: ಸಂಗೀತದ ‘ಡ್ರೋನ್’ಗೆ ಕನ್ನಡದಲ್ಲಿ ಏನು? (ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಪಂಕ್ ರಾಕ್ ಹುಟ್ಟಿದ ಬಗೆಯನ್ನು ತೋರಿಸುವ ಚಿತ್ರಪ್ರದರ್ಶನವೊಂದಕ್ಕೆ ಗೋಡೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಗೀತಗಾರ ಜಾನ್ ಕೇಲ್ ಅವರ ಫಲಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. 1963ರಿಂದ 65ರವರೆಗೆ ಅವರು ನ್ಯೂಯಾರ್ಕಿನಲ್ಲಿ ಸಂಗೀತ ಸಂಯೋಜಕ ಲಾ ಮಾಂಟ್ ಯಂಗ್ ಅವರ ಗುಂಪಿನಲ್ಲಿ ಒಂದೆರಡು ಸ್ವರಗಳನ್ನೇ ಬಹಳ ಹೊತ್ತು ಎಳೆದು ನುಡಿಸುತ್ತಿದ್ದರು. ಅದನ್ನೇ ಮುಂದೆ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ರಾಕ್ ತಂಡಕ್ಕೆ ತಂದರು. ವಯೋಲಾದ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯನ್ನು ಉಜ್ಜಿ ತಗ್ಗಿಸಿ, ಗಿಟಾರ್ ತಂತಿ ಬಿಗಿದು, ಕಮಾನಿನ ಒಂದೇ ಎಳೆತಕ್ಕೆ ಮೂರು ತಂತಿ ಮೊಳಗುವಂತೆ ಮಾಡಿಕೊಂಡಿದ್ದರು. ಈ ಮೊಳಗಿಗೆ ‘ಡ್ರೋನ್’ ಎಂದೇ ಬರೆದಿದ್ದೆ. ಕರಡು ಓದಿದ ಮೂವರೂ ಮದುವೆ ಮನೆಯ ಮೇಲೆ ಹಾರುವ ಕ್ಯಾಮೆರಾ ಎಂದುಕೊಂಡರು. ಫಲಕ 5 ಗಂಟೆಗೆ ಮುದ್ರಣಕ್ಕೆ ಹೋಗಬೇಕು.

ಮರು: (ಮೈಸೂರಿನಿಂದ)
ಶ್ರುತಿ. ಸಂಗೀತ ಕಲಿತ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಸ್ಪಷ್ಟವಾಗಲಿ ಎಂದಿದ್ದರೆ ಆಧಾರಶ್ರುತಿ. ಚರ್ಚೆ ಬೇಡ.

ಮರು: (ಶಿವಮೊಗ್ಗದಿಂದ)
‘ಶ್ರುತಿ’ ಎಂದರೆ ವೇದವೂ ಹೌದು, ಒಂದು ಸ್ಥಾಯಿಯನ್ನು 22 ಶ್ರುತಿಗಳಾಗಿ ಹಂಚುವ ಲೆಕ್ಕವೂ ಹೌದು. ಮೂರು ಅರ್‍ತ ಹೊತ್ತ ಸಕ್ಕದದ (ಸಂಸ್ಕೃತದ) ಒರೆಯನ್ನು ಯಾಕೆ ತರಬೇಕು? ಇಂಗ್ಲಿಶಿನ ಆ ಪದ ಗಂಡುಜೇನಿನ ಹೆಸರು, ಅದರ ಸದ್ದಿನಿಂದಲೇ ಈ ಹುರುಳು ಬಂದಿದೆ. ನಮ್ಮಲ್ಲೂ ದುಂಬಿ ಮೊರೆಯುತ್ತದೆ. ಆದುದರಿಂದ ‘ಮೊರೆತ’. ಹೊಸದು ಬೇಕೆಂದರೆ ನಿಡು + ಉಲಿ = ನಿಟ್ಟುಲಿ, ನಿಟ್ಟುಸಿರಿನ ಹಾಗೆ. ಇದಕ್ಕಿಂತ ಸರಿಯಾದ ಕಟ್ಟಣೆ ಸಿಗದು.

ಮರು: (ಮೈಸೂರಿನಿಂದ)
ಮೊರೆತ ಕಡಲಿನದು, ಏರುತ್ತದೆ ಇಳಿಯುತ್ತದೆ. ಡ್ರೋನ್ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನಿಟ್ಟುಲಿ ನಿಘಂಟಿಗೂ ಬೇಡ, ಗೋಡೆಗೂ ಬೇಡ.

ಮರು: (ಧಾರವಾಡದಿಂದ)
ಶ್ರುತಿ ಸರಿ, ‘ಆಧಾರ’ ತಪ್ಪು. ನಮ್ಮ ಸಂಗೀತ ಕಛೇರಿಯಲ್ಲಿ ತಂಬೂರಿ ಹಾಡಿಗೆ ಆಧಾರ, ಅದರ ಮೇಲೆ ರಾಗ ನಿಲ್ಲುತ್ತದೆ. ಯಂಗ್ ಗುಂಪಿನಲ್ಲಿ ಹೀಗೆ ಮೇಲೆ ನಿಲ್ಲುವ ರಾಗವಿಲ್ಲ, ಎಳೆದ ಸ್ವರಗಳೇ ಇಡೀ ಸಂಗೀತ. ಅವರು ಶ್ರುತಿ ಸೇರಿಸಿಕೊಂಡದ್ದು ಯಾವುದಕ್ಕೆ ಗೊತ್ತೇ? ಅಮೆರಿಕದ ಕರೆಂಟಿನ 60 ಹರ್ಟ್ಸ್ ಗುಂಯ್‌ಗುಡುವಿಕೆಗೆ. ಆಂಪ್ಲಿಫೈಯರಿನಲ್ಲಿ ಆ ಸದ್ದು ಹೇಗೂ ಬರುತ್ತದೆ, ಅದರ ಜೊತೆ ಜಗಳವಾಡುವ ಬದಲು ಅದನ್ನೇ ಷಡ್ಜದಂತೆ (‘ಸ’ ಸ್ವರದಂತೆ) ಹಿಡಿದರು. ನಮ್ಮ ಮನೆಗಳ ಕರೆಂಟು 50 ಹರ್ಟ್ಸ್, ಅಂದರೆ ಇಲ್ಲಿ ಅದೇ ಪ್ರಯೋಗ ಮಾಡಿದರೆ ಶ್ರುತಿ ಸುಮಾರು ಮೂರು ಸ್ವರಸ್ಥಾನ ಕೆಳಗೆ ಹೋಗುತ್ತದೆ. ಇದು ನನ್ನನ್ನು ಎಷ್ಟೋ ದಿನ ಬಿಡದೆ ಕಾಡಿದೆ.

ಇನ್ನೊಂದು ಮಾತು. ಕೇಲ್‌ಗೆ ಈ ಶ್ರುತಿ ಹಿಂದೂಸ್ತಾನಿ ಗಾಯಕ ಪಂಡಿತ್ ಪ್ರಾಣನಾಥರಿಂದ ಬಂತು ಎಂದು ಫಲಕದಲ್ಲಿ ಬರೆಯಬೇಡಿ. ಪ್ರಾಣನಾಥರು ಅಮೆರಿಕಕ್ಕೆ ಹೋದದ್ದು 1970ರಲ್ಲಿ. ಯಂಗ್, ಮರಿಯನ್ ಝಝೀಲಾ, ಟೆರಿ ರೈಲಿ ಮೂವರೂ ಪ್ರಾಣನಾಥರ ಶಿಷ್ಯರಾದರು. ಅಷ್ಟು ಹೊತ್ತಿಗೆ ಕೇಲ್ ಆ ಗುಂಪು ಬಿಟ್ಟು ಐದು ವರ್ಷವಾಗಿತ್ತು. ಪ್ರಾಣನಾಥರದು ಕಿರಾಣಾ ಎಂಬ ಗಾಯನ ಪರಂಪರೆ, ನಮ್ಮ ಕುಂದಗೋಳದ ಸವಾಯಿ ಗಂಧರ್ವರದೂ ಅದೇ ಘರಾಣೆ. ಹಾಗಿರುವಾಗ ತಂಬೂರಿಯ ಮಾತನ್ನು ಬಿಟ್ಟು ಗಂಡುಜೇನಿನ ಹಿಂದೆ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಮರು: (ಉಡುಪಿಯಿಂದ)
ತಂಬೂರಿ ಒಂದೇ ಅಲ್ಲ. ಯಕ್ಷಗಾನದ ಹಿಮ್ಮೇಳದಲ್ಲಿ ಹಾರ್ಮೋನಿಯಂ ಬರುವ ಮೊದಲು ಶ್ರುತಿಗೆ ಪುಂಗಿ ಇತ್ತು. ಅದರ ಸದ್ದು ಕೇಲ್ ಅವರ ವಯೋಲಾಕ್ಕೆ ಹೆಚ್ಚು ಹತ್ತಿರ, ತಂಬೂರಿಯಂತೆ ಮೀಟಿ ಬಿಡುವುದಲ್ಲ, ಉಸಿರು ಹಿಡಿದು ಊದುವುದು. ಅದಕ್ಕೂ ನಾವು ಹೇಳುತ್ತಿದ್ದದ್ದು ಶ್ರುತಿ ಎಂದೇ.

ಮರು: (ಶಿವಮೊಗ್ಗದಿಂದ)
ಎಲ್ಲರೂ ಸಕ್ಕದಕ್ಕೆ ಬಾಗಿಲು ತೆರೆದು, ಇಂಗ್ಲಿಶಿಗೆ ಮಾತ್ರ ಮುಚ್ಚುತ್ತೀರಿ. ‘ಪಂಕ್’ ಹಾಗೇ ಇರಲಿ ಎನ್ನುವವರು ‘ಡ್ರೋನ್’ ಯಾಕೆ ಬೇಡ ಎನ್ನುತ್ತೀರಿ? ಕೇಲ್ ವೇಲ್ಸಿನವರು, ಏಳು ವರುಶದವರೆಗೆ ಮನೆಯಲ್ಲಿ ವೆಲ್ಶ್ ಬಿಟ್ಟು ಬೇರೆ ಮಾತಿಲ್ಲ, ಅಜ್ಜಿ ಇಂಗ್ಲಿಶನ್ನು ಹೊಸಿಲು ದಾಟಲು ಬಿಡಲಿಲ್ಲ. ತಾಯ್ನುಡಿಯ ಬೆಲೆ ಅರಿತ ಮನೆ ಅದು.

ಮರು: (ಮೈಸೂರಿನಿಂದ)
ಆ ಅಜ್ಜಿ ಇದ್ದ ಪದವನ್ನು ಉಳಿಸಿಕೊಂಡರು, ಇಲ್ಲದ ಪದವನ್ನು ಹೊಸೆಯಲಿಲ್ಲ. ‘ಪಂಕ್’ ಒಂದು ಪಂಥದ ಹೆಸರು, ಹೆಸರನ್ನು ಅನುವಾದಿಸುವುದಿಲ್ಲ. ಡ್ರೋನ್ ಒಂದು ನಾದದ ವಿವರಣೆ. ಎರಡಕ್ಕೂ ಒಂದೇ ನಿಯಮ ಹಾಕಬೇಡಿ.

ಮರು: (ಕೇಳಿದವರಿಂದ)
ಗಂಟೆ 4:20. ಧಾರವಾಡದವರ ಮಾತು ಹಿಡಿದು ‘ಆಧಾರ’ ತೆಗೆದಿದ್ದೇನೆ. ಫಲಕದ ಸಾಲು ಈಗ ಹೀಗಿದೆ: “ಕೇಲ್ ಅವರ ವಯೋಲಾದ ಎಡೆಬಿಡದ ಶ್ರುತಿ 1967ರಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡ್‌ನ ಮೊದಲ ಆಲ್ಬಮ್‌ನಲ್ಲಿ ಕೇಳಿಸಿತು. 1969ರಲ್ಲಿ ಅವರೇ ನಿರ್ಮಿಸಿದ, ಸ್ಟೂಜಸ್ ತಂಡದ ಮೊದಲ ಆಲ್ಬಮ್‌ನ ಹತ್ತು ನಿಮಿಷದ ಹಾಡೊಂದರಲ್ಲೂ ಮೊಳಗಿತು. 1975ರಲ್ಲಿ ಪ್ಯಾಟಿ ಸ್ಮಿತ್ ಅವರ ಮೊದಲ ಆಲ್ಬಮ್ ನಿರ್ಮಿಸಿದವರೂ ಅವರೇ.” ಶಿವಮೊಗ್ಗದವರೇ, ಕ್ಷಮಿಸಿ, ‘ಮೊಳಗಿತು’ ಎಂಬ ಅಚ್ಚಗನ್ನಡ ಪದ ಮಾತ್ರ ನಿಮ್ಮ ಕಡೆಯದು.

ಮುಂದಿನ ಫಲಕ ‘ಸೂಯಿಸೈಡ್’ ಜೋಡಿಯದು, ಅಲನ್ ವೇಗಾ ಹಾಡುಗಾರ, ಮಾರ್ಟಿನ್ ರೆವ್ ವಾದ್ಯಗಾರ. ಗಿಟಾರೂ ಇಲ್ಲ, ಡ್ರಮ್ಮೂ ಇಲ್ಲ, ವಿದ್ಯುತ್ ಆರ್ಗನ್ ಮತ್ತು ರಿದಮ್ ಬಾಕ್ಸ್ ಅಷ್ಟೇ. ರಿದಮ್ ಬಾಕ್ಸ್‌ಗೆ ‘ತಾಳಯಂತ್ರ’ ಎಂದು ಬರೆದಿದ್ದೇನೆ. ಆದರೆ ಅದು ತಾಳದ ಸುತ್ತು (ಆವರ್ತನ) ಹಾಕುವುದಿಲ್ಲ, ಒಂದೇ ಬಡಿತವನ್ನು ಹೊಡೆಯುತ್ತಲೇ ಇರುತ್ತದೆ. ತಾಳ ಎನ್ನಬಹುದೇ? ನಾಳೆ ಬೆಳಿಗ್ಗೆಯವರೆಗೆ ಸಮಯವಿದೆ.