ಎಚ್-ಇಂಡೆಕ್ಸ್ ಪಟ್ಟಿ: ಎಂಎ ಸೈಕಾಲಜಿ ಬ್ಯಾಚ್ ಗುಂಪಿನಲ್ಲಿ

ಸತೀಶ: [ಫಾರ್ವರ್ಡ್] ಸೈಕಾಲಜಿ ಅಧ್ಯಾಪಕರ ಸಂಶೋಧನಾ ರ್‍ಯಾಂಕಿಂಗ್, ಎಚ್-ಇಂಡೆಕ್ಸ್ ಪ್ರಕಾರ (ಕನಿಷ್ಠ 5 ಸಲ ಉಲ್ಲೇಖವಾದ ಪೇಪರ್ 5 ಇದ್ರೆ ಎಚ್ 5). ಮೇಲಿರೋರೆಲ್ಲ ನ್ಯೂರೋ ಕಡೆಯವರೇ 😀

ಗೀತಾ: ಇರದೇ ಏನು! ಬ್ರೇನ್ ಸ್ಕ್ಯಾನ್ ಪೇಪರಿಗೆ ಹತ್ತು ಹದಿನೈದು ಲೇಖಕರು, ಎಲ್ಲರ ಖಾತೆಗೂ ಪೂರ್ತಿ ಒಂದು. ಅದೇ ಮಕ್ಕಳನ್ನ ಐದು ವರ್ಷ ಬಿಡದೆ ಗಮನಿಸೋರಿಗೆ ಮುಖ್ಯ ಪೇಪರ್ ಬರೋದೇ ಆರನೇ ವರ್ಷ. ಇಬ್ಬರಿಗೂ ಒಂದೇ ತಕ್ಕಡಿನಾ?

ಸತೀಶ: ಬರೀ ಪೇಪರ್ ಎಣಿಸಿದ್ರೆ ಇನ್ನೂ ಮೋಸ ಕಣೇ. ಒಂದೇ ಡೇಟಾ ಮೂರು ತುಂಡು ಮಾಡಿ ಮೂರು ಜರ್ನಲ್‌ಗೆ ಕಳಿಸ್ತಾರೆ. ಎಚ್‌ನಲ್ಲಿ ಸೈಟೇಶನ್ನೂ, ಅಂದ್ರೆ ಬೇರೆ ಪೇಪರುಗಳಲ್ಲಿ ಉಲ್ಲೇಖವೂ ಬೇಕಲ್ಲ.

ಗೀತಾ: 2005ರಲ್ಲಿ ಅದನ್ನ ತಂದ ಹಿರ್ಷ್ ಭೌತವಿಜ್ಞಾನಿ. ಕ್ಷೇತ್ರದಿಂದ ಕ್ಷೇತ್ರಕ್ಕೆ ಎಚ್ ಬದಲಾಗುತ್ತೆ ಅಂತ ಆ ಪೇಪರಲ್ಲೇ ಇದೆ. ಲೆಕ್ಕ ಹಾಕಿ ನೋಡು. ಒಬ್ಬರ ಸೈಟೇಶನ್ 40, 22, 9, 6, 5, 3. ಐದನೇದಕ್ಕೆ 5 ಇದೆ, ಆರನೇದಕ್ಕೆ ಮೂರೇ, ಸೋ ಎಚ್ 5. ಇನ್ನೊಬ್ಬರದು 300, 6, 5, 5, 5, 3. ಅವರಿಗೂ 5. ಆ 300 ಎಲ್ಲೋಯ್ತು?

ಸತೀಶ: ಸರಿ, ಲೇಖಕರ ಸಂಖ್ಯೆಯಿಂದ ಭಾಗಿಸೋಣ.

ಗೀತಾ: ಆಗ ಮೊದಲ ಹೆಸರಿನವರಿಗೆ ಅನ್ಯಾಯ. ನಾಲ್ವರು ಲೇಖಕರಿದ್ರೆ, ಪ್ರಯೋಗ ನಡೆಸಿ, ವಿಶ್ಲೇಷಿಸಿ, ಬರೆದ ಹುಡುಗಿಗೂ ಕಾಲು ಭಾಗ, ಡ್ರಾಫ್ಟ್ ಓದಿ ಕಾಮೆಂಟ್ ಹಾಕಿದವರಿಗೂ ಕಾಲು ಭಾಗ.

ನಾಗರಾಜ್ ಸರ್: ಅದಕ್ಕೂ ಮೊದಲು ಯಾವ ಡೇಟಾಬೇಸ್ ಅಂತ ಕೇಳ್ರಪ್ಪ. ಗೂಗಲ್ ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್ (ಜರ್ನಲ್ ಪರಿಶೀಲನೆಗೆ ಮೊದಲೇ ಹಾಕಿದ ಪೇಪರ್) ಎಲ್ಲಾನೂ ಬಾಚಿಕೊಳ್ಳುತ್ತೆ. ಆಯ್ದ ಪ್ರಕಟಣೆಗಳನ್ನಷ್ಟೇ ಎಣಿಸೋ ಸ್ಕೋಪಸ್‌ನಲ್ಲಿ ಅದೇ ಮನುಷ್ಯನ ಎಚ್ ಸಾಮಾನ್ಯವಾಗಿ ಕಮ್ಮಿ. ಇನಿಷಿಯಲ್ ಒಂದೇ ಇದ್ದರಂತೂ ಯಾರದ್ದೋ ಕೆಮಿಸ್ಟ್ರಿ ಪೇಪರ್ ಇವರ ಪ್ರೊಫೈಲಲ್ಲಿ ಕೂತಿರುತ್ತೆ.

ಸತೀಶ: ಹಾಗಾದ್ರೆ ಅಳೆಯೋದೇ ಬೇಡ್ವಾ ಸರ್?

ನಾಗರಾಜ್ ಸರ್: ಅಳೀರಿ. ಆರ್ಕಿಡ್ ಐಡಿ (ಒಬ್ಬೊಬ್ಬ ಸಂಶೋಧಕರಿಗೂ ಇರೋ ಬೇರೆ ಬೇರೆ ನಂಬರ್) ಹಿಡಿದು ಸಿವಿ ಜೊತೆ ಒಂದೊಂದೇ ಪೇಪರ್ ತಾಳೆ ನೋಡಿ. ತಮ್ಮ ಪೇಪರನ್ನ ತಾವೇ ಉಲ್ಲೇಖಿಸಿಕೊಂಡ ಸೈಟೇಶನ್ ಬಿಟ್ಟುಬಿಡಿ. ಕ್ಲಿನಿಕಲ್‌ನವರನ್ನ ಕ್ಲಿನಿಕಲ್‌ನವರ ಜೊತೆಗೇ, ಮೊದಲ ಪೇಪರ್ ಆಸುಪಾಸಿನ ವರ್ಷದಲ್ಲೇ ಬಂದವರ ಜೊತೆಗೇ ಇಡಿ. ಎಚ್‌ನ ವರ್ಷದಿಂದ ಭಾಗಿಸಿದ್ರೆ ಸಾಲದು, ಎರಡು ವರ್ಷಕ್ಕೆ 4 ಆದ್ರೂ 2, ಇಪ್ಪತ್ತು ವರ್ಷಕ್ಕೆ 40 ಆದ್ರೂ 2. ವಿಭಾಗದ ಅಂಕಿ ಕೊಡೋದಾದ್ರೆ ಮೀಡಿಯನ್ (ಸಾಲಾಗಿ ಇಟ್ಟಾಗ ನಡುವೆ ಬರೋ ಅಂಕಿ) ಕೊಡಿ. ಸರಾಸರಿಯನ್ನ ಒಬ್ಬ ದೊಡ್ಡ ಹೆಸರಿನವನೇ ಎತ್ತಿಬಿಡ್ತಾನೆ.

ಗೀತಾ: ಇಷ್ಟಾದ್ರೂ ಕೆಲಸ ಗಟ್ಟಿಯಾ ಅಂತ ಗೊತ್ತಾಗಲ್ಲ ಸರ್. 2015ರಲ್ಲಿ 100 ಸೈಕಾಲಜಿ ಅಧ್ಯಯನ ಮತ್ತೆ ಮಾಡಿದಾಗ ಮೂಲದಲ್ಲಿ ಶೇ 97 ಸಿಗ್ನಿಫಿಕೆಂಟ್ (ಬರೀ ಆಕಸ್ಮಿಕ ಅನ್ನೋಕಾಗದ ಫಲಿತಾಂಶ), ಮರುಪ್ರಯೋಗದಲ್ಲಿ ಶೇ 36.

ನಾಗರಾಜ್ ಸರ್: ಅದಕ್ಕೆ ಪೇಪರನ್ನೇ ಓದಬೇಕು, ಬೇರೆ ದಾರಿಯಿಲ್ಲ. ಸತೀಶ, ಪಟ್ಟಿ ಕೆಳಗೆ ಡೇಟಾಬೇಸ್ ಹೆಸರು, ಅಂಕಿ ತೆಗೆದ ದಿನಾಂಕ ಇದೆಯಾ?

ಸತೀಶ: ಎರಡೂ ಇಲ್ಲ ಸರ್ 🙈